ಒಂದೇ ಊರಿನ ಎರಡು ಸಿಟ್ಟು

ಇಂಗ್ಲೆಂಡ್, ಅಮೆರಿಕಗಳ ಸಂಗೀತ ಪತ್ರಿಕೆಗಳಲ್ಲಿ ಹೊಸಬರನ್ನು ಪರಿಚಯಿಸುವ ಪುಟಕ್ಕೆ ಒಂದು ಸಿದ್ಧ ವಾಕ್ಯವಿದೆ. ಈ ಹುಡುಗ ಅಥವಾ ಈ ಹುಡುಗಿ ಪಂಕ್ ರಾಕನ್ನೂ ರ‍್ಯಾಪನ್ನೂ ಬೆರೆಸಿ ಹಿಂದೆ ಯಾರೂ ಕೇಳದಂಥ ಸದ್ದು ಹುಟ್ಟಿಸಿದ್ದಾರೆ ಎಂಬುದು ಅದರ ಸಾರ. ಸ್ಯಾಕ್ರಮೆಂಟೊದ ಡೆತ್ ಗ್ರಿಪ್ಸ್ ಬಂದಾಗ ಈ ಮಾತು ಬಂತು. ನಾರ್ತಾಂಪ್ಟನ್ನಿನ ಸ್ಲೋಟೈ ಬಂದಾಗಲೂ ಬಂತು, ಬಾಬ್ ವಿಲನ್ ಎಂಬ ಜೋಡಿ ಬಂದಾಗಲೂ ಬಂತು. ನಾಳೆ ಇನ್ನೊಬ್ಬರು ಬಂದರೆ ಹೆಸರು ಬದಲಾಗುತ್ತದೆ, ವಾಕ್ಯ ಹಾಗೇ ಉಳಿಯುತ್ತದೆ. ಈ ಕೂಡಾವಳಿಗೆ ಈಗ ನಲವತ್ತೈದು ವರ್ಷ ದಾಟಿದೆ. ಇಷ್ಟು ಹಳೆಯದು ಪ್ರತಿ ಸಲವೂ ಹೊಸದಾಗಿ ಕಾಣುವುದು ಹೇಗೆ? ಉತ್ತರ ಸಂಗೀತಕ್ಕಿಂತ ಹೆಚ್ಚಾಗಿ ಸಂಗೀತದ ಅಂಗಡಿಯಲ್ಲಿದೆ ಎಂಬುದು ನನ್ನ ಅನಿಸಿಕೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಜೋಡಿಸಿಟ್ಟವರಿಗೆ, ಒಂದರ ಸರಕು ಇನ್ನೊಂದರಲ್ಲಿ ಸಿಕ್ಕಾಗಲೆಲ್ಲ ಅಚ್ಚರಿಯೇ.

ಹುಟ್ಟಿನಿಂದಲೇ ನೋಡೋಣ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದ ಹಾಲಿನಲ್ಲಿ, ಜಮೈಕಾದಿಂದ ಬಂದ ಕುಟುಂಬದ ಹುಡುಗ ಕೂಲ್ ಹರ್ಕ್ ತಂಗಿಗಾಗಿ ಒಂದು ಪಾರ್ಟಿಯಲ್ಲಿ ರೆಕಾರ್ಡು ಹಾಕಿದ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಬೇಕೆಂದು ತಂಗಿ ಏರ್ಪಡಿಸಿದ ಪಾರ್ಟಿ ಅದು. ಹಿಪ್ ಹಾಪ್‌ನ ಜನ್ಮದಿನವೆಂದು ಈಗ ಆಚರಿಸುವುದು ಅದನ್ನೇ. ಅದೇ ವರ್ಷದ ಡಿಸೆಂಬರಿನಲ್ಲಿ, ಸಬ್‌ವೇ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ದೂರದಲ್ಲಿ, ಬವರಿ ಬೀದಿಯಲ್ಲಿ ಸಿಬಿಜಿಬಿ ಎಂಬ ಬಾರು ಬಾಗಿಲು ತೆರೆಯಿತು. ಮುಂದಿನ ವರ್ಷ ರಾಮೋನ್ಸ್ ತಂಡ ಅಲ್ಲಿ ನಿಂತು ಎರಡೆರಡು ನಿಮಿಷದ ಹಾಡುಗಳನ್ನು ಉಸಿರು ಬಿಡದೆ ಹೊಡೆದು ಮುಗಿಸಿತು. ನಗರಪಾಲಿಕೆ ದಿವಾಳಿಯ ಅಂಚಿಗೆ ಬಂದಿದ್ದ ಕಾಲ ಅದು. ಬ್ರಾಂಕ್ಸ್‌ನಲ್ಲಿ ಮನೆಗಳು ಸಾಲುಸಾಲಾಗಿ ಸುಟ್ಟುಹೋಗುತ್ತಿದ್ದವು, ಬವರಿ ಕುಡುಕರ, ನಿರ್ಗತಿಕರ ಬೀದಿಯಾಗಿತ್ತು. ಇಬ್ಬರಿಗೂ ಗುರು ಇರಲಿಲ್ಲ, ಪಾಠ ಇರಲಿಲ್ಲ. ಒಬ್ಬರ ಕೈಯಲ್ಲಿ ಎರಡು ಟರ್ನ್‌ಟೇಬಲ್, ಇನ್ನೊಬ್ಬರ ಕೈಯಲ್ಲಿ ಮೂರು ಸ್ವರಮೇಳ ಬಲ್ಲ ಗಿಟಾರು. ಬಾರದ್ದನ್ನು ಕಲಿಯುವವರೆಗೆ ಕಾಯುವುದಿಲ್ಲ ಎಂಬ ಹಟ ಎರಡೂ ಕಡೆ ಒಂದೇ.

ಆದರೆ ಕೇಳುಗರು ಒಂದಾಗಿರಲಿಲ್ಲ. ಲಂಡನ್ನಿನ ದಿ ಕ್ಲ್ಯಾಶ್ ತಂಡ 1980ರಲ್ಲಿ ನ್ಯೂಯಾರ್ಕಿಗೆ ಬಂದು ರ‍್ಯಾಪಿನ ಹುಚ್ಚು ಹತ್ತಿಸಿಕೊಂಡಿತು. ಆ ಪ್ರಭಾವದಲ್ಲಿ ಮಾಡಿದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಹಾಡು ಅಲ್ಲಿನ ಕಪ್ಪುಜನರ ರೇಡಿಯೊದಲ್ಲೂ ಓಡಿತು. 1981ರ ಬೇಸಿಗೆಯಲ್ಲಿ ಟೈಮ್ಸ್ ಸ್ಕ್ವೇರಿನ ಬಾಂಡ್ಸ್ ಎಂಬ ಸಭಾಂಗಣದಲ್ಲಿ ಕ್ಲ್ಯಾಶ್‌ನ 8 ಕಛೇರಿಗಳು ನಿಗದಿಯಾಗಿದ್ದವು. ಟಿಕೆಟ್ಟು ಮಿತಿ ಮೀರಿ ಮಾರಿದ್ದರಿಂದ ಅಗ್ನಿಶಾಮಕ ಇಲಾಖೆ ತಡೆ ಹಾಕಿತು. ಟಿಕೆಟ್ ಕೊಂಡವರೆಲ್ಲರಿಗೂ ಹಾಡಿಯೇ ಹೋಗುತ್ತೇವೆಂದು ತಂಡ 17 ಕಛೇರಿ ಮಾಡಿತು. ಮೊದಲಿಗೆ ಹಾಡಲು ಅವರು ಕರೆಸಿದ್ದು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಸಂಗಡಿಗರನ್ನು. ಬಂದಿದ್ದ ಪಂಕ್ ಅಭಿಮಾನಿಗಳು, ಬಹುಪಾಲು ಬಿಳಿಯ ಹುಡುಗರು, ಅವರ ಮೇಲೆ ಲೋಟ ಎಸೆದರು, ಕೂಗಿ ಇಳಿಸಿದರು. ಕ್ಲ್ಯಾಶ್‌ನವರು ತಮ್ಮದೇ ಪ್ರೇಕ್ಷಕರನ್ನು ವೇದಿಕೆಯ ಮೇಲಿಂದ ಗದರಬೇಕಾಯಿತು. ಕಲಾವಿದರು ಅಂದೇ ಬೆರೆತಿದ್ದರು, ಬೆರೆಯದೆ ನಿಂತದ್ದು ಕೆಳಗಿನ ಜನ. ಈ ವಿಷಯ ಕುರಿತು ಬಂದ ಎಷ್ಟೋ ಬರಹಗಳಲ್ಲಿ ಅದೇ ವರ್ಷ ಬ್ಲಾಂಡಿ ತಂಡದ ‘ರ‍್ಯಾಪ್ಚರ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದೇ ದೊಡ್ಡ ಸುದ್ದಿ. ನನಗೆ ಬಾಂಡ್ಸ್‌ನ ಆ ಎಸೆದ ಲೋಟಗಳೇ ಹೆಚ್ಚು ಹೇಳುತ್ತವೆ.

ವಾಷಿಂಗ್ಟನ್ನಿನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಅಮೆರಿಕದ ಪಂಕನ್ನು ಇನ್ನಷ್ಟು ವೇಗಕ್ಕೆ, ಹಾರ್ಡ್‌ಕೋರ್ ಎಂಬ ಹೊಸ ರೂಪಕ್ಕೆ ಎಳೆದ ಬ್ಯಾಡ್ ಬ್ರೇನ್ಸ್‌ನ ನಾಲ್ವರೂ ಕಪ್ಪುಜನ. ಜಾಝ್ ಫ್ಯೂಷನ್ ನುಡಿಸುತ್ತಿದ್ದವರು ಪಂಕಿಗೆ ತಿರುಗಿ, ನಡುನಡುವೆ ರೆಗೆಯನ್ನೂ ಸೇರಿಸಿದರು. ಅವರನ್ನು ಆರಾಧಿಸುತ್ತಿದ್ದ ನ್ಯೂಯಾರ್ಕಿನ ಬಿಳಿಯ ಹರೆಯದವರ ಒಂದು ಹಾರ್ಡ್‌ಕೋರ್ ತಂಡವೇ ಬೀಸ್ಟಿ ಬಾಯ್ಸ್. 1983ರಲ್ಲಿ ಐಸ್‌ಕ್ರೀಮ್ ಅಂಗಡಿಗೆ ಮಾಡಿದ ಕೀಟಲೆ ಫೋನ್ ಕರೆಯನ್ನು ತಾಳದ ಮೇಲೆ ಕೂರಿಸಿ ‘ಕುಕಿ ಪುಸ್’ ಎಂಬ ರೆಕಾರ್ಡು ಮಾಡಿದರು. ಅದು ಕ್ಲಬ್ಬುಗಳಲ್ಲಿ ಓಡಿದ್ದೇ ನೆಪ, ಪೂರಾ ರ‍್ಯಾಪಿಗೆ ಹೊರಳಿದರು. ಅವರ ಜೊತೆಗೂಡಿದ ರಿಕ್ ರೂಬಿನ್ ಕೂಡ ಪಂಕ್ ತಂಡದಲ್ಲಿದ್ದವನೇ. ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಿಂದ ಡೆಫ್ ಜಾಮ್ ಕಂಪನಿ ಕಟ್ಟಿದವನು. 1986ರ ಕೊನೆಗೆ ಬಂದ ‘ಲೈಸೆನ್ಸ್ಡ್ ಟು ಇಲ್’ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿದ ಮೊಟ್ಟಮೊದಲ ರ‍್ಯಾಪ್ ಆಲ್ಬಂ. ರ‍್ಯಾಪನ್ನು ಕಟ್ಟಿದ ಕಪ್ಪು ಹುಡುಗರಿಗೆ ಸಿಗದ ಪೀಠ ಪಂಕಿನಿಂದ ಬಂದ ಮೂವರು ಬಿಳಿಯರಿಗೆ ಸಿಕ್ಕಿತು. ಈ ದಾರಿಯಲ್ಲಿ ತಂಡದ ಮೊದಲ ಡ್ರಮ್ಮರ್ ಕೇಟ್ ಶೆಲ್ಲೆನ್‌ಬಾಕ್ ಹೊರಬಿದ್ದಳು. ಪಂಕ್ ತಂಡದಲ್ಲಿ ಹೆಣ್ಣಿಗಿದ್ದ ಜಾಗ ಅವರ ಹೊಸ ಗಂಡಸುತನದ ವೇಷದಲ್ಲಿ ಉಳಿಯಲಿಲ್ಲ. ಆ ಕಾಲದ ತಮ್ಮ ಹಾಡುಗಳಲ್ಲಿ ಹೆಂಗಸರ ಬಗ್ಗೆ ಇದ್ದ ಕೀಳು ಮಾತಿಗೆ ಅವರು ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. 1992ರ ‘ಚೆಕ್ ಯುವರ್ ಹೆಡ್’ನಲ್ಲಿ ಮತ್ತೆ ವಾದ್ಯ ಕೈಗೆತ್ತಿಕೊಂಡರು. ನನ್ನ ಕಿವಿಗೆ ಅವರಲ್ಲಿ ಎರಡೂ ನಿಜವಾಗಿ ಕೂಡಿದ್ದು ಆಗಲೇ.

ನಿಜವಾಗಿ ಕೂಡುವುದೆಂದರೇನು? ಗಿಟಾರು ಕಿರುಚುತ್ತಿರುವಾಗ ಒಬ್ಬ ವೇಗವಾಗಿ ಮಾತಾಡಿದರೆ ಕೂಡಿಕೆ ಆಗುವುದಿಲ್ಲ. ತೊಡಕಿರುವುದು ಕಾಲಪ್ರಮಾಣದಲ್ಲಿ. ಹಾರ್ಡ್‌ಕೋರ್ ಪಂಕಿನ ಡ್ರಮ್ಮು ನಿಮಿಷಕ್ಕೆ 180ರಿಂದ 200 ಬಡಿತದವರೆಗೆ ಓಡುತ್ತದೆ, ಹಳೆಯ ನ್ಯೂಯಾರ್ಕ್ ರ‍್ಯಾಪ್ 90ರ ಆಸುಪಾಸಿನಲ್ಲಿ ನಡೆಯುತ್ತದೆ. ನಮ್ಮ ಕರ್ನಾಟಕ ಸಂಗೀತದ ಕಿವಿಗೆ ಗುಟ್ಟು ಕೂಡಲೇ ತಿಳಿಯುತ್ತದೆ: 90ರ ಎರಡನೇ ಕಾಲವೇ 180. ಡ್ರಮ್ಮು ಎರಡನೇ ಕಾಲದಲ್ಲಿದ್ದರೂ ದನಿ ಒಂದನೇ ಕಾಲದಲ್ಲಿ ನಿಲ್ಲಬಹುದು, ಬೇಕೆಂದಾಗ ಅದೂ ಎರಡನೇ ಕಾಲಕ್ಕೆ ಜಿಗಿಯಬಹುದು. ಇನ್ನೊಂದು ತೊಡಕು ಎಡುಪಿನದು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗದ್ದು. ಪಂಕ್ ಗಾಯಕ ಸಮದ ಮೇಲೆಯೇ ತಲೆ ಜಜ್ಜುತ್ತಾನೆ, ಕೆಲವೊಮ್ಮೆ ತಾಳವನ್ನೇ ಹಿಂದೆ ಹಾಕಿ ಮುನ್ನುಗ್ಗುತ್ತಾನೆ. ಪಳಗಿದ ರ‍್ಯಾಪರ್ ಪೆಟ್ಟು ಬಿದ್ದ ಮೇಲೆ, ಅನಾಗತದಲ್ಲಿ, ಒರಗಿಕೊಂಡು ಬರುತ್ತಾನೆ. ಈ ಎರಡು ಸ್ವಭಾವಗಳ ಜಗ್ಗಾಟ ಕೇಳಿಸಿದ ಕಡೆ ಹಾಡಿಗೆ ಜೀವ ಬರುತ್ತದೆ. ಒಂದು ಇನ್ನೊಂದನ್ನು ನುಂಗಿದ ಕಡೆ ಗಿಟಾರಿರುವ ರ‍್ಯಾಪೋ, ಗದ್ಯದಂಥ ರಾಕೋ ಉಳಿಯುತ್ತದೆ.

ಸದ್ದಿನ ಜಾಗದ ಜಗಳವೂ ಇದೆ. ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ 808 ಎಂಬ ಡ್ರಮ್ ಯಂತ್ರದ ಆಳವಾದ ಗುಂಯ್‌ಗಾಟ ರ‍್ಯಾಪಿನ ತಳಪಾಯವಾಯಿತು. ಒಡೆದ ದನಿಯ ಗಿಟಾರು ನಡುವಿನ ಜಾಗವನ್ನೆಲ್ಲ ತುಂಬಿಬಿಡುತ್ತದೆ, ಮನುಷ್ಯನ ಮಾತು ಇರುವುದೂ ಆ ನಡುವಿನಲ್ಲೇ. ಹಾಗಾಗಿ ಈಚಿನ ಜಾಣರು ಗಿಟಾರನ್ನೇ ಬಿಡುತ್ತಾರೆ. ಡೆತ್ ಗ್ರಿಪ್ಸ್‌ನ 2011ರ ‘ಎಕ್ಸ್‌ಮಿಲಿಟರಿ’ಯಿಂದ ಕೇಳುತ್ತ ಬನ್ನಿ. ಝ್ಯಾಕ್ ಹಿಲ್‌ನ ಡ್ರಮ್ಮು, ಹರಿದುಹೋದ ಎಲೆಕ್ಟ್ರಾನಿಕ್ ಸದ್ದು, ಮೇಲೊಂದು ಬೊಬ್ಬೆ. ಗಿಟಾರು ಹಿಡಿದವನು ತಂಡದಲ್ಲೇ ಇಲ್ಲ, ಆದರೂ ಅದರಷ್ಟು ಪಂಕ್ ಆದದ್ದು ಆ ದಶಕದಲ್ಲಿ ಕಡಿಮೆ. ಲಂಡನ್ನಿನ ನೋವಾ ಟ್ವಿನ್ಸ್‌ನ ಜಾರ್ಜಿಯಾ ಸೌತ್ ತನ್ನ ಬೇಸ್ ಗಿಟಾರನ್ನು ಪೆಡಲುಗಳ ಸಾಲಿನ ಮೂಲಕ ಹಾಯಿಸಿ, ಸಿಂಥಸೈಜರ್ ಮುಟ್ಟದೆಯೇ ಸಿಂಥಸೈಜರಿನ ಸದ್ದು ತೆಗೆಯುತ್ತಾಳೆ. ಇದಕ್ಕೊಂದು ಪೂರ್ವಜನ್ಮವಿದೆ. ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಟಾಮ್ ಮೊರೆಲ್ಲೊ ಗಿಟಾರಿನ ಸ್ವಿಚ್ಚು ಒತ್ತಿ ಬಿಟ್ಟು ಡಿಜೆಗಳು ರೆಕಾರ್ಡು ಕೆರೆಯುವ ಸದ್ದು ಹೊರಡಿಸುತ್ತಿದ್ದ. ಅವರ 1992ರ ಮೊದಲ ಆಲ್ಬಂನ ಮೇಲೆ ಇದರಲ್ಲಿ ಸ್ಯಾಂಪಲ್, ಕೀಬೋರ್ಡ್, ಸಿಂಥಸೈಜರ್ ಏನನ್ನೂ ಬಳಸಿಲ್ಲ ಎಂದು ಅಚ್ಚು ಹಾಕಿಸಬೇಕಾಗಿ ಬಂತೆಂದರೆ ಕೇಳುಗರು ನಂಬಲಿಕ್ಕಿಲ್ಲ ಎಂಬ ಅನುಮಾನ ಅವರಿಗೇ ಇದ್ದಿರಬೇಕು.

ಕಪಾಟಿನ ರಾಜಕೀಯಕ್ಕೆ 1992 ಒಳ್ಳೆಯ ವರ್ಷ. ಲಾಸ್ ಏಂಜಲೀಸಿನ ರ‍್ಯಾಪರ್ ಐಸ್-ಟಿ, ಬಾಡಿ ಕೌಂಟ್ ಎಂಬ ಗಿಟಾರು ತಂಡ ಕಟ್ಟಿ ಆ ಹೆಸರಿನ ಆಲ್ಬಂ ತಂದ. ಅದರಲ್ಲಿ ‘ಕಾಪ್ ಕಿಲ್ಲರ್’ ಎಂಬ ಹಾಡಿತ್ತು. ಕೇಳಿದರೆ ಅದರಲ್ಲಿ ರ‍್ಯಾಪಿನ ಒಂದು ಸಾಲೂ ಇಲ್ಲವೆನ್ನಬಹುದು, ಅದು ಪಂಕಿನ ಬೀಜಕ್ಕೆ ಹುಟ್ಟಿದ ಮೆಟಲ್. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದ ಪೊಲೀಸರು ಖುಲಾಸೆಯಾಗಿ ಊರು ಹೊತ್ತಿ ಉರಿದ ಬೇಸಿಗೆ ಅದು. ಪೊಲೀಸ್ ಸಂಘಗಳು ಬಹಿಷ್ಕಾರಕ್ಕೆ ಕರೆಕೊಟ್ಟವು, ಅಧ್ಯಕ್ಷ ಬುಷ್ ಸೇರಿದಂತೆ ರಾಜಕಾರಣಿಗಳು ಖಂಡಿಸಿದರು. ಆ ಗದ್ದಲದುದ್ದಕ್ಕೂ ಆ ಹಾಡನ್ನು ಕರೆದದ್ದು ರ‍್ಯಾಪ್ ಎಂದೇ. ಜುಲೈ ಮುಗಿಯುವ ಹೊತ್ತಿಗೆ ಐಸ್-ಟಿ ತಾನೇ ಹಾಡನ್ನು ಹಿಂತೆಗೆದ. ಪೊಲೀಸರನ್ನು ಬೈದ ಬಿಳಿಯರ ಪಂಕ್ ತಂಡಗಳು ಅದಕ್ಕೂ ಮುಂಚೆ ಬೇಕಾದಷ್ಟಿದ್ದವು, ಅಧ್ಯಕ್ಷರ ಬಾಯಿಗೆ ಅವು ಬಿದ್ದಿರಲಿಲ್ಲ. ಹಾಡು ಯಾವ ಜಾತಿಯದೆಂದು ಹಾಡುವವನ ಮೈಬಣ್ಣ ನೋಡಿ ಗೊತ್ತುಮಾಡಿದರು ಎನ್ನದೆ ಬೇರೆ ವಿವರಣೆ ನನಗೆ ಹೊಳೆಯುವುದಿಲ್ಲ. 2021ರಲ್ಲಿ ಅದೇ ತಂಡಕ್ಕೆ ಮೆಟಲ್ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಐಸ್-ಟಿ ಅಷ್ಟರಲ್ಲಿ ಟಿವಿ ಧಾರಾವಾಹಿಯೊಂದರಲ್ಲಿ ಪೊಲೀಸ್ ಪತ್ತೇದಾರನ ಪಾತ್ರ ಮಾಡುತ್ತ ಎರಡು ದಶಕ ಕಳೆದಿದ್ದ.

ತೊಂಬತ್ತರ ದಶಕದ ಕೊನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರ‍್ಯಾಪ್-ಮೆಟಲ್ ಎಂಬ ಹಣೆಪಟ್ಟಿಯಡಿ ಕೋಟಿಗಟ್ಟಲೆ ರೆಕಾರ್ಡು ಮಾರಿದವು, ಸಿಟ್ಟು ಉಳಿಯಿತು, ಸಿಟ್ಟಿಗೆ ಕಾರಣ ಮಾಯವಾಯಿತು. 1999ರ ವುಡ್‌ಸ್ಟಾಕ್ ಉತ್ಸವ ಬೆಂಕಿ, ಲೂಟಿ, ಹೆಂಗಸರ ಮೇಲಿನ ದೌರ್ಜನ್ಯಗಳಲ್ಲಿ ಮುಗಿದಾಗ ಬೈಗುಳವೆಲ್ಲ ಈ ಸಂಗೀತದ ಮೇಲೆ ಬಿತ್ತು. ಸುಡುವ ಡಾಂಬರು, ದುಬಾರಿ ನೀರು, ಹದಗೆಟ್ಟ ಏರ್ಪಾಡು ಇವುಗಳಿಗೂ ಅದರಲ್ಲಿ ಪಾಲಿತ್ತು. ಲಿಂಕಿನ್ ಪಾರ್ಕ್ ಮಾತ್ರ ಬೇರೆ ದಾರಿ ಹಿಡಿದು, ಸಿಟ್ಟಿನ ಜಾಗದಲ್ಲಿ ನೋವನ್ನಿಟ್ಟು ಗೆದ್ದಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಎರಡು ಸಾವಿರದ ದಶಕದಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನ ಕಥೆ ಬೇರೆ, ಅಲ್ಲಿ ಕೂಡಿಕೆಗೆ ಮಣ್ಣು ಮೊದಲೇ ಹದವಾಗಿತ್ತು. ಕೆರಿಬಿಯನ್ ದ್ವೀಪಗಳಿಂದ ಬಂದವರು ಸೌಂಡ್ ಸಿಸ್ಟಂ ಎಂಬ ದೊಡ್ಡ ಸ್ಪೀಕರುಗಳ ಪದ್ಧತಿಯನ್ನೂ, ತಾಳದ ಮೇಲೆ ಮಾತು ಹೊಸೆಯುವ ಟೋಸ್ಟಿಂಗ್ ಕಲೆಯನ್ನೂ ಜೊತೆಗೇ ತಂದಿದ್ದರು. 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಆಗಿದ್ದ ಡಾನ್ ಲೆಟ್ಸ್, ಹಾಕಲು ಪಂಕ್ ರೆಕಾರ್ಡುಗಳೇ ಇನ್ನೂ ಸಾಕಷ್ಟು ಇರದಿದ್ದರಿಂದ ರೆಗೆ ಹಾಕುತ್ತಿದ್ದ, ಪಂಕ್ ಹುಡುಗರು ಅದನ್ನೇ ಕೇಳಿ ಬೆಳೆದರು. 1978ರಲ್ಲಿ ರಾಕ್ ಅಗೇನ್ಸ್ಟ್ ರೇಸಿಸಂ ಚಳವಳಿ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆಸಿದ ಸಭೆಯಲ್ಲಿ ಕ್ಲ್ಯಾಶ್ ತಂಡವೂ ರೆಗೆಯ ಸ್ಟೀಲ್ ಪಲ್ಸ್ ತಂಡವೂ ಒಂದೇ ವೇದಿಕೆ ಹತ್ತಿದವು. ಈ ಶತಮಾನದ ಆರಂಭಕ್ಕೆ ಪೂರ್ವ ಲಂಡನ್ನಿನ ಕಳ್ಳ ರೇಡಿಯೊಗಳಲ್ಲಿ ಗ್ರೈಮ್ ಎಂಬ ರ‍್ಯಾಪ್ ಬಗೆ ಹುಟ್ಟಿತು. ಅದರ ನಡೆ ನಿಮಿಷಕ್ಕೆ 140 ಬಡಿತ. ಅಮೆರಿಕದ ರ‍್ಯಾಪಿಗಿಂತ ಪಂಕಿಗೆ ಹತ್ತಿರ. ಬ್ರಿಟಿಷ್ ಹುಡುಗರ ಬಾಯಲ್ಲಿ ಎರಡೂ ಅಷ್ಟು ಸಲೀಸಾಗಿ ಹೊಂದುವುದಕ್ಕೆ ಇದೂ ಒಂದು ಕಾರಣವಿರಬೇಕು.

ಸ್ಲೋಟೈ ಬಂದದ್ದು ಈ ಪರಂಪರೆಯಿಂದ. 2019ರ ‘ನಥಿಂಗ್ ಗ್ರೇಟ್ ಅಬೌಟ್ ಬ್ರಿಟನ್’ ಆಲ್ಬಂ ಸರ್ಕಾರಿ ವಸತಿ ಕಾಲೊನಿಯ ಬದುಕನ್ನು ಅಲ್ಲಿನ ನುಡಿಗಟ್ಟಿನಲ್ಲೇ ಹೇಳಿತು. ಆ ವರ್ಷದ ಮರ್ಕ್ಯುರಿ ಪ್ರಶಸ್ತಿ ಸಮಾರಂಭದಲ್ಲಿ ಆತ ಪ್ರಧಾನಿ ಬೋರಿಸ್ ಜಾನ್ಸನ್‌ನ ಕತ್ತರಿಸಿದ ತಲೆಯ ಬೊಂಬೆ ಹಿಡಿದು ಕುಣಿದದ್ದು ಹಾಡಿಗಿಂತ ದೊಡ್ಡ ಸುದ್ದಿಯಾಯಿತು. ಬಾಬ್ ವಿಲನ್ ಜೋಡಿಯದು ಇನ್ನೂ ಗಟ್ಟಿ ಕೆಲಸವೆಂದು ನನ್ನ ಅಭಿಪ್ರಾಯ. ಅವರ ‘ವಿ ಲಿವ್ ಹಿಯರ್’ ತೀರಾ ಉಗ್ರವಾಯಿತೆಂದು ಕಂಪನಿಗಳು ಹಿಂಜರಿದಾಗ 2020ರಲ್ಲಿ ತಾವೇ ಹೊರತಂದರು. 2022ರ ‘ದ ಪ್ರೈಸ್ ಆಫ್ ಲೈಫ್’ ಕೂಡ ಸ್ವಂತ ಲೇಬಲ್ಲಿನದೇ, ಬ್ರಿಟನ್ನಿನ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಬಂತು. ಬಡವರ ತಟ್ಟೆಗೆ ಬೀಳುವ ಕಳಪೆ ಆಹಾರವೂ ಅವರ ಹಾಡಿಗೆ ವಸ್ತು. ಸಿಟ್ಟಿಗೆ ಒಂದು ವಿಳಾಸ ಇರಬೇಕೆಂದು ಅವರಿಗೆ ಗೊತ್ತಿದೆ.

ಕಪಾಟು ಇಲ್ಲೂ ಅಡ್ಡ ಬಂತು. ಬ್ರಿಟನ್ನಿನಲ್ಲಿ ಕಪ್ಪುಜನರ ಮೂಲದ ಸಂಗೀತವನ್ನು ಗೌರವಿಸುವ ಮೋಬೊ ಪ್ರಶಸ್ತಿಯಲ್ಲಿ ರಾಕ್‌ನಂಥ ಸಂಗೀತ ಮಾಡುವವರಿಗೆ ವಿಭಾಗವೇ ಇರಲಿಲ್ಲ. ರಾಕ್ ಪ್ರಶಸ್ತಿಗಳ ಕಡೆ ಕಪ್ಪು ಮುಖಗಳೇ ವಿರಳ. ನೋವಾ ಟ್ವಿನ್ಸ್ ಈ ಕೊರತೆಯನ್ನು ಎತ್ತಿ ಮೋಬೊಗೆ ಬಹಿರಂಗ ಪತ್ರ ಬರೆದರು. 2022ರಲ್ಲಿ ಹೊಸ ವಿಭಾಗ ತೆರೆಯಿತು, ಮೊದಲ ಪ್ರಶಸ್ತಿ ಬಾಬ್ ವಿಲನ್‌ಗೆ ಬಂತು. ಅದೇ ಬಾಬ್ ವಿಲನ್ 2025ರ ಜೂನಿನಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಇಸ್ರೇಲಿ ಸೇನೆಗೆ ಸಾವು ಕೋರುವ ಘೋಷಣೆ ಕೂಗಿಸಿದಾಗ, ಬಿಬಿಸಿ ಅದನ್ನು ನೇರಪ್ರಸಾರ ಮಾಡಿ ಪೇಚಿಗೆ ಬಿತ್ತು, ಅಮೆರಿಕ ಅವರ ವೀಸಾ ರದ್ದುಮಾಡಿತು, ಬ್ರಿಟನ್ನಿನ ಪ್ರಧಾನಿ ಖಂಡಿಸಿದರು. ಅದು ಕೊಲೆಗೆ ಪ್ರಚೋದನೆ ಎಂದವರೂ, ಗಾಝಾದ ಯುದ್ಧದ ವಿರುದ್ಧದ ಮಾತು ಎಂದವರೂ ಇದ್ದಾರೆ. ಘೋಷಣೆ ಒರಟು, ಹಾಡುಗಳಲ್ಲಿರುವ ಸೂಕ್ಷ್ಮ ಅದರಲ್ಲಿರಲಿಲ್ಲ ಎಂಬುದು ನನ್ನ ತಕರಾರು. ಆದರೆ 1992ನ್ನು ಬಲ್ಲವರಿಗೆ ಪ್ರತಿಕ್ರಿಯೆಯ ಪರಿ ಅಪರಿಚಿತವೇನೂ ಅಲ್ಲ.

ಅಮೆರಿಕದಲ್ಲಿ ಇದಕ್ಕೆ ಕೆಲವು ವರ್ಷ ಮುಂಚೆಯೇ ಸೌಂಡ್‌ಕ್ಲೌಡ್ ಎಂಬ ಜಾಲತಾಣ ಒಂದು ಪೀಳಿಗೆಯನ್ನೇ ಬೆಳೆಸಿತು. ಅಗ್ಗದ ಮೈಕು, ಒಡೆದುಹೋಗುವಷ್ಟು ಏರಿಸಿದ ಬೇಸು, ಎರಡು ನಿಮಿಷದ ಹಾಡು. ಹೆಸರು ರ‍್ಯಾಪ್, ಮನೋಧರ್ಮ ಪಂಕ್. ಮೇರಿಲ್ಯಾಂಡಿನ ರಿಕೊ ನ್ಯಾಸ್ಟಿ ಕಿರುಚಿ ರ‍್ಯಾಪ್ ಮಾಡಿದರೆ ಆ ಕಿರುಚಾಟದಲ್ಲಿ ಆಟವೂ ಇರುತ್ತದೆ, ಅದು ಆಕೆಯ ವಿಶೇಷ. ಫ್ಲಾರಿಡಾದ ಡೆನ್ಜೆಲ್ ಕರಿ ರೇಜ್ ಅಗೇನ್ಸ್ಟ್ ದ ಮಷೀನ್‌ನ ಹಾಡನ್ನು 2019ರಲ್ಲಿ ಆಸ್ಟ್ರೇಲಿಯಾದ ರೇಡಿಯೊಗಾಗಿ ಹಾಡಿ ಮೂಲದವರಿಗೂ ಪೈಪೋಟಿ ಕೊಟ್ಟ. ಮಷೀನ್ ಗನ್ ಕೆಲ್ಲಿ ಎಂಬ ರ‍್ಯಾಪರ್ 2020ರಲ್ಲಿ ಬ್ಲಿಂಕ್-182 ತಂಡದ ಡ್ರಮ್ಮರ್ ಟ್ರ್ಯಾವಿಸ್ ಬಾರ್ಕರ್ ಜೊತೆ ಪಾಪ್-ಪಂಕ್ ಆಲ್ಬಂ ಮಾಡಿ ಅಮೆರಿಕದ ಪಟ್ಟಿಯ ತುದಿಗೇರಿದ. ಇದನ್ನು ಬೆರಕೆ ಎನ್ನುವವರಿದ್ದಾರೆ. ನನಗದು ಅಂಗಡಿ ಬದಲಿಸಿದ ಹಾಗೆ ಕಾಣುತ್ತದೆ. ಬಿಳಿಯ ರ‍್ಯಾಪರನಿಗೆ ಗಿಟಾರಿನ ಕಪಾಟು ತಟ್ಟನೆ ತೆರೆದುಕೊಳ್ಳುತ್ತದೆ, ಕಪ್ಪು ಪಂಕ್ ಗಾಯಕಿ ಪತ್ರ ಬರೆದು ಎರಡು ವರ್ಷ ಕಾಯಬೇಕಾಗುತ್ತದೆ.

ನಮ್ಮ ದೇಶದಲ್ಲಿ ದೆಹಲಿಯ ಬ್ಲಡಿವುಡ್, ಮೆಟಲ್ಲಿಗೆ ಢೋಲನ್ನೂ ರ‍್ಯಾಪನ್ನೂ ಸೇರಿಸಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಗಿ ಬಂದಿದೆ. ಆದರೆ ಪಂಕಿನ ಮೂಲಭಾವಕ್ಕೆ ಹತ್ತಿರವಾದದ್ದು ಚೆನ್ನೈನ ಕ್ಯಾಸ್ಟ್‌ಲೆಸ್ ಕಲೆಕ್ಟಿವ್. ಚಿತ್ರನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ಈ ತಂಡ 2018ರ ಜನವರಿಯಲ್ಲಿ ವೇದಿಕೆಗೆ ಬಂತು. ಸಾವಿನ ಮನೆಯ ಗಾನಾ ಪದ, ಪರೆ ವಾದ್ಯ, ರ‍್ಯಾಪ್, ರಾಕ್ ಎಲ್ಲವೂ ಅದರಲ್ಲಿವೆ. ಹೆಸರು ದಲಿತ ಚಿಂತಕ ಪಂಡಿತ ಅಯೋತಿದಾಸರ ಜಾತಿರಹಿತ ತಮಿಳರ ಕಲ್ಪನೆಯಿಂದ ಬಂದದ್ದು. ಬೆಂಗಳೂರು 2007ರಲ್ಲಿ ಐರನ್ ಮೇಡನ್ ತಂಡಕ್ಕೆ ಅರಮನೆ ಮೈದಾನ ತುಂಬಿಕೊಟ್ಟ ಊರು, ಇಲ್ಲಿ ಬೇರುಬಿಟ್ಟದ್ದು ಮೆಟಲ್, ಪಂಕಿಗೆ ನೆಲೆ ಸಿಗಲಿಲ್ಲ. ಆಲ್ ಓಕೆ, ಎಂಸಿ ಬಿಜ್ಜು, ರಾಹುಲ್ ಡಿಟ್ಟೊ ಅಂಥವರ ಕನ್ನಡ ರ‍್ಯಾಪ್ ಬೆಳೆದದ್ದು ಯೂಟ್ಯೂಬು ಮತ್ತು ಸಿನಿಮಾದ ದಾರಿಯಲ್ಲಿ. ಎರಡೂ ಗುಂಪಿನವರು ಒಂದೇ ಊರಲ್ಲಿದ್ದೂ ಹೆಚ್ಚು ಹೊಕ್ಕುಬಳಸಿದ್ದು ಕಾಣೆ. ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ ಎಂದು ನನಗನಿಸುತ್ತದೆ. ರ‍್ಯಾಪಿನ ಪ್ರಾಸ ಸಾಲಿನ ತುದಿಯಲ್ಲಿ ಬೀಳುತ್ತದೆ, ಗಿಟಾರಿನ ಗದ್ದಲದಲ್ಲಿ ಮೊದಲು ಕಳೆದುಹೋಗುವುದೂ ಆ ತುದಿಯೇ. ಪಂಪನಿಂದ ಹಿಡಿದು ನಮ್ಮ ಕವಿಗಳು ಪಾಲಿಸಿದ ಆದಿಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಡ್ರಮ್ಮಿನ ಮೊದಲ ಪೆಟ್ಟಿನ ಬೆನ್ನಲ್ಲೇ, ಸಿಕ್ಕಿಬಿಡುತ್ತದೆ. ಪಂಕಿನ ವೇಗಕ್ಕೆ ಅದು ಹೇಳಿಮಾಡಿಸಿದ ಜಾಗ.

ಇನ್ನು ಹೊಸಬರ ಹೊಟ್ಟೆಪಾಡು. ಹಾಡು ಮಾಡುವುದು, ಜಗತ್ತಿಗೆ ತಲುಪಿಸುವುದು ಈಗ ಮಲಗುವ ಕೋಣೆಯಲ್ಲೇ ಮುಗಿಯುತ್ತದೆ, ದುಡ್ಡು ಮಾತ್ರ ಅಲ್ಲಿ ಹುಟ್ಟುವುದಿಲ್ಲ. ಸ್ಟ್ರೀಮಿಂಗಿನಿಂದ ಬರುವುದು ಪುಡಿಗಾಸು, ಊರೂರು ಸುತ್ತಿ ಹಾಡಬೇಕು, ಟೀಶರ್ಟು ಮಾರಬೇಕು. ಸುತ್ತಲು ಜಾಗಗಳೂ ಕಡಿಮೆಯಾಗುತ್ತಿವೆ. ಬ್ರಿಟನ್ನಿನಲ್ಲಿ 2023ರ ಒಂದೇ ವರ್ಷದಲ್ಲಿ 125 ಸಣ್ಣ ಸಭಾಂಗಣಗಳು ಸಂಗೀತ ನಿಲ್ಲಿಸಿದವೆಂದು ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕ ಕೊಟ್ಟಿತು. ಈ ಸಂಗೀತದ ಈಚಿನ ಹೆಸರುಗಳಲ್ಲಿ ಜೋಡಿಗಳೇ ಇಷ್ಟೊಂದು ಏಕಿವೆ ಎಂಬುದಕ್ಕೆ ನನಗೆ ತೋಚುವ ಕಾರಣ ಇದು. ಬಾಬ್ ವಿಲನ್ ಇಬ್ಬರು, ನೋವಾ ಟ್ವಿನ್ಸ್ ಇಬ್ಬರು, ನಾಟಿಂಗ್‌ಹ್ಯಾಮಿನ ಸ್ಲೀಫರ್ಡ್ ಮಾಡ್ಸ್ ಕೂಡ ಇಬ್ಬರೇ. ಐವರ ತಂಡಕ್ಕೆ ವ್ಯಾನು, ರೂಮು, ಊಟದ ಖರ್ಚು ಹುಟ್ಟುವುದಿಲ್ಲ. ಸ್ಲೀಫರ್ಡ್ ಮಾಡ್ಸ್‌ನಲ್ಲಿ ಆಂಡ್ರ್ಯೂ ಫರ್ನ್ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಸುಮ್ಮನೆ ತೂಗಾಡುತ್ತ ನಿಲ್ಲುತ್ತಾನೆ, ಜೇಸನ್ ವಿಲಿಯಮ್ಸನ್ ಮಾತಿನ ಮಳೆಗರೆಯುತ್ತಾನೆ. ಅದನ್ನು ಶೈಲಿ ಎಂದು ಹೊಗಳಿದವರುಂಟು, ಶೈಲಿಯೂ ಹೌದು, ಉಳಿತಾಯವೂ ಹೌದು. ನನಗೆ ಅದರಲ್ಲಿ ಒಂದೇ ಕೊರತೆ. ಹಾಡುವವ ಉಸಿರಿಗಾಗಿ ಅರೆಕ್ಷಣ ತಡೆದರೆ ಬಾಬ್ ವಿಲನ್‌ನ ಡ್ರಮ್ಮರ್ ಕಣ್ಣಲ್ಲೇ ಗ್ರಹಿಸಿ ಕಾಯಬಲ್ಲ, ಮೊದಲೇ ತುಂಬಿಟ್ಟ ತಾಳ ಕಾಯುವುದಿಲ್ಲ.